ಎದುರುಮನೆ ಖಾಲಿಯಾಗಿದೆ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ನಮ್ಮ ಮಗಳ ಅಪ್ಪನಿಗೆ,

ಏನೆಂದು ಸಂಬೋಧಿಸಲಿ ಎಂದು ಬಹಳ ಹೊತ್ತು ಯೋಚಿಸಿದೆ. ಪ್ರೀತಿಯ ಎಂದು ಬರೆದರೆ ನೀವು ಹೆದರಿಕೊಳ್ಳುತ್ತೀರಿ, ಪೂಜ್ಯರೇ ಎಂದರೆ ನನಗೇ ನಗು ಬರುತ್ತದೆ. ಇದೊಂದು ಸಂಬಂಧವನ್ನು ಮಾತ್ರ ಇಬ್ಬರೂ ಅಲ್ಲವೆನ್ನುವ ಹಾಗಿಲ್ಲ. ನಾನು ಕ್ಷೇಮ. ನಿಮ್ಮ ಕ್ಷೇಮ ಎಷ್ಟರಮಟ್ಟಿಗಿದೆ ಎಂದು ಮಗಳು ಹೇಳಿದ್ದಾಳೆ, ಆದ್ದರಿಂದ ಕೇಳುವುದಿಲ್ಲ.

ಗುರುವಾರ ಸಂಜೆ ಅವಳು ಫೋನು ಮಾಡಿದ್ದಳು. ಬೇಕರಿಯಲ್ಲಿ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಳಂತೆ. ಆ ಹಾರನ್ನುಗಳ ನಡುವೆಯೇ ಅಳುತ್ತ, "ಅಮ್ಮಾ, ಅಪ್ಪ ಬೇಡ ಅಂದ್ಬಿಟ್ರು. ಅಲ್ಲಿ ಎದುರುಮನೆ ಸಿಕ್ಕಿದೆ, ಬನ್ನಿ ಅಂತ ಆಫೀಸಿನವ್ರೇ ಕರೆದ್ರೂ ಬೇಡ್ವಂತೆ. ನಿಮ್ಮಮ್ಮ ನೆಮ್ಮದಿಯಾಗಿದ್ದಾಳೆ, ನಾನು ಹೋಗಿ ಅದಕ್ಕೆ ಕಲ್ಲು ಹಾಕಲ್ಲ ಅಂತಾರೆ" ಎಂದಳು.

ಅವಳನ್ನು ಸಮಾಧಾನ ಮಾಡಿ ಫೋನು ಇಟ್ಟ ಮೇಲೆ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ನೆಮ್ಮದಿಯ ಉಸ್ತುವಾರಿಯನ್ನು ನಿಮಗೆ ಯಾರು ವಹಿಸಿದರು? ಇಷ್ಟು ವರ್ಷ ಅದನ್ನು ನಾನೇ ನೋಡಿಕೊಂಡಿದ್ದೇನೆ, ಮುಂದೆಯೂ ನೋಡಿಕೊಳ್ಳುತ್ತೇನೆ. ಫೋನಿನಲ್ಲೇ ಬೈಯಬಹುದಿತ್ತು. ಆದರೆ ಫೋನಿನಲ್ಲಿ ನೀವು ಹೂಂ, ಹೂಂ ಎಂದು ಕೊನೆಗೆ ನಿಮಗೆ ಬೇಕಾದದ್ದನ್ನೇ ಮಾಡುತ್ತೀರಿ. ನಾಳೆ ಮಗಳಿಗೆ ರಜೆ. ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳು ನಿಮ್ಮ ಎದುರಿಗೆ ಕೂತು ಓದಿಸುತ್ತಾಳೆ, ಮಡಚಿ ಜೇಬಿಗೆ ಹಾಕಿಕೊಳ್ಳಲು ಬಿಡುವುದಿಲ್ಲ.

ಏಣಿಯಿಂದ ಬಿದ್ದದ್ದು, ಸೊಂಟ ಸರಿಯಾಗಿ ಕೂಡದೆ ಹೋದದ್ದು ಎಲ್ಲ ನನಗೆ ಗೊತ್ತು. ಪೇಂಟಿನಂಗಡಿಯ ಅಟ್ಟಕ್ಕೆ ಈಗ ನೀವು ಕೂತು ಕೂತು, ಒಂದೊಂದೇ ಮೆಟ್ಟಿಲು ಹತ್ತುತ್ತೀರಂತೆ. ಅಂಗಡಿಯವರು ಒಳ್ಳೆಯವರು, ನಿಮ್ಮ ಕೈಬರಹದ ಬೋರ್ಡುಗಳನ್ನು ಕೇಳುವವರೇ ಇಲ್ಲವಾದ ಮೇಲೂ ನಿಮ್ಮನ್ನು ಇರಗೊಟ್ಟರು. ಆದರೆ ರಸ್ತೆ ಅಗಲ ಮಾಡಲು ಅವರ ಅಂಗಡಿಯನ್ನೇ ಕೆಡವುತ್ತಿದ್ದಾರೆ. ಆಮೇಲೆ ಎಲ್ಲಿಗೆ? ಮಗಳ ಮನೆಯಲ್ಲಿ ಅತ್ತೆ, ಮಾವ, ಎರಡು ಮಕ್ಕಳು, ಒಂದೇ ಕೋಣೆ. ನೀವು ಅಲ್ಲಿಗೂ ಹೋಗುವವರಲ್ಲ. ಬುಧವಾರದೊಳಗೆ ಹೂಂ ಅನ್ನದಿದ್ದರೆ ಮಗಳು ನಿಮ್ಮ ಹೆಸರು ಬರೆಸಿದ್ದ ಇಲ್ಲಿಯ ಮನೆ, ಸರದಿಯಲ್ಲಿ ನಿಮ್ಮ ಹಿಂದೆ ಇರುವವರಿಗೆ ಹೋಗುತ್ತದೆ. ಅವರಿಗೂ ಅವಸರವಿದೆ, ಕಾಯಿಸುವುದು ನ್ಯಾಯವಲ್ಲ.

ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ಆದರೂ ಒಂದು ಮಾತು ಹೇಳದೆ ಬಿಟ್ಟರೆ ನೀವು ನಿಮ್ಮದೇ ಅರ್ಥ ಕಟ್ಟಿಕೊಂಡು ಕೂರುತ್ತೀರಿ. ನಾವು ಎಷ್ಟು ಬಾಡಿಗೆ ಮನೆಗಳಲ್ಲಿ ಇದ್ದೆವು, ನೆನಪಿದೆಯೇ? ಒಂದರಲ್ಲಿ ಪಕ್ಕದ ಗಿರಣಿಯ ಸದ್ದು. ಇನ್ನೊಂದರಲ್ಲಿ ನಲ್ಲಿ ಮೆಟ್ಟಿಲ ಕೆಳಗೆ. ಮತ್ತೊಂದರಲ್ಲಿ ಬೆಳಗಿನ ಬಿಸಿಲು ಇಡೀ ಊರನ್ನು ಬಿಟ್ಟು ನಿಮ್ಮ ಕಣ್ಣಿಗೇ ಬೀಳುತ್ತಿತ್ತು. ಬೋರ್ಡು ಬರೆಯುವವರು ಕೆಲಸ ಇರುವ ಕಡೆ ಹೋಗಬೇಕು, ಒಪ್ಪಿದೆ. ಆದರೆ ಕೆಲಸ ಇದ್ದ ಊರಿನಲ್ಲೂ ನಿಮಗೆ ಗೋಡೆಗಳು ಬೇಗ ಬೇಸರವಾಗುತ್ತಿದ್ದವು. ನಾನು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವುದರಲ್ಲಿ ಎಷ್ಟು ಪಳಗಿದ್ದೆ ಎಂದರೆ ಒಂದು ಲೋಟವೂ ಸದ್ದು ಮಾಡುತ್ತಿರಲಿಲ್ಲ.

ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಇಸ್ತ್ರಿಯ ಕೆಲಸ ಸಿಕ್ಕಾಗ, ಮಗಳು ಶಾಲೆಯಲ್ಲಿ ಗೆಳತಿಯರನ್ನು ಮಾಡಿಕೊಂಡಾಗ, ಮತ್ತೆ ಹೊರಡೋಣ ಎಂದಿರಿ. ನಾನು ಬರಲ್ಲ ಎಂದೆ. ನೀವು ಕುಂಚ, ಡಬ್ಬ, ಏಣಿ ಎಲ್ಲ ಗಾಡಿಗೆ ಹೇರಿಕೊಂಡು ಹೋದಿರಿ. ಎರಡು ದಿನ ಬಿಟ್ಟು ನಾನು ಹಿಂದೆಯೇ ಬರುತ್ತೇನೆಂದು ನೀವು ಅಂದುಕೊಂಡಿರಿ, ಎರಡು ದಿನ ಬಿಟ್ಟು ನೀವು ತಿರುಗಿ ಬರುತ್ತೀರೆಂದು ನಾನು ಅಂದುಕೊಂಡೆ. ಜಗಳವಾಡಿ ಬೇರೆಯಾಗಿದ್ದರೆ ಯಾರಾದರೂ ನಡುವೆ ಬಂದು ರಾಜಿ ಮಾಡಿಸುತ್ತಿದ್ದರು. ನಾವು ಜಗಳವನ್ನೇ ಆಡಲಿಲ್ಲ. ನೀವು ಮಗಳ ಶಾಲೆಗೆ, ಅವಳ ಮದುವೆಗೆ, ಅವಳ ಹೆರಿಗೆಗೆ ತಪ್ಪದೆ ಬಂದಿರಿ, ನನಗೆ ಚೆನ್ನಾಗಿದ್ದೀಯಾ ಎಂದು ಕೇಳಿದಿರಿ, ಹೊರಟಿರಿ. ಸಂಬಂಧಿಕರು ನಮ್ಮ ಬಗ್ಗೆ ಆಡಿಕೊಳ್ಳಲು ಏನೂ ಸಿಗದೆ ಸುಸ್ತಾದರು.

ಇರಲಿ. ಈ ಕಟ್ಟಡವನ್ನು ನೀವು ಮುದುಕರನ್ನು ತುಂಬಿಡುವ ಗೋದಾಮು ಎಂದಿರಂತೆ. ಗೋದಾಮಿನಲ್ಲಿ ಮೂಟೆಗಳ ಕೈಗೆ ಬೀಗದಕೈ ಕೊಡುವುದಿಲ್ಲ. ನನ್ನ ಕೈಗೆ ಕೊಟ್ಟಿದ್ದಾರೆ. ನಮ್ಮಂಥ ಸಣ್ಣ ಪಿಂಚಣಿಯವರಿಗೆಂದೇ ಕಟ್ಟಿದ್ದು. ಬರುವುದರಲ್ಲಿ ಒಂದು ಪಾಲು ಬಾಡಿಗೆ, ಉಳಿದದ್ದು ನಮ್ಮದು. ನನ್ನದು ಎರಡನೇ ಮಹಡಿ. ಒಂದು ಕೋಣೆ, ಒಬ್ಬರು ತಿರುಗಿ ನಿಲ್ಲುವಷ್ಟು ಅಡುಗೆಮನೆ, ಬಚ್ಚಲು. ಕಿಟಕಿಯಿಂದ ಬಸ್ ಡಿಪೋ ಕಾಣುತ್ತದೆ. ಬೆಳಗ್ಗೆ ಬಸ್ಸುಗಳ ಮೈ ತೊಳೆಯುವುದನ್ನು ನೋಡುತ್ತ ಕಾಫಿ ಕುಡಿಯುತ್ತೇನೆ, ದೊಡ್ಡ ದನಗಳಿಗೆ ಸ್ನಾನ ಮಾಡಿಸಿದ ಹಾಗಿರುತ್ತದೆ. ಮಂಗಳವಾರ, ಶುಕ್ರವಾರ ನರ್ಸಮ್ಮ ಬಂದು ಬಿ.ಪಿ., ಸಕ್ಕರೆ ನೋಡುತ್ತಾರೆ. ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳಲು ಆಗದವರಿಗೆ ಸಹಾಯಕ್ಕೆ ಜನ ಇದ್ದಾರೆ. ದೊಡ್ಡಾಸ್ಪತ್ರೆಗೆ ವ್ಯಾನು ಹೋಗುತ್ತದೆ. ಬೇಕೆಂದವರಿಗೆ ಮಧ್ಯಾಹ್ನ ಕೆಳಗೆ ಊಟ ಸಿಗುತ್ತದೆ, ಬೇಡವೆಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ನಡೆಸುವ ಹುಡುಗಿ ಒಬ್ಬಳಿದ್ದಾಳೆ. ಆಫೀಸಿನ ಬಾಗಿಲ ಮೇಲೆ ಅವಳಿಗೆ ಉದ್ದದ ಹುದ್ದೆ ಬರೆದಿದೆ, ನಾವು ಕರೆಯುವುದು ಮಾತ್ರ ಸೊಸೆ ಎಂದು. ಎಲ್ಲರ ಮಾತ್ರೆ, ಎಲ್ಲರ ಮುನಿಸು ಅವಳಿಗೆ ಗೊತ್ತು. ಗದರಿಸುತ್ತಾಳೆ, ಆಮೇಲೆ ಬಂದು ಸಮಾಧಾನ ಮಾಡುತ್ತಾಳೆ. ಕೆಳಗಿನ ಮನೆಯ ದರ್ಜಿ ಒಂದು ದಿನ, "ನನ್ನ ಸ್ವಂತ ಸೊಸೆ ಇಷ್ಟು ಗದರಿದ್ರೆ ನಾನು ಮನೆ ಬಿಡ್ತಿರ್ಲಿಲ್ಲ ಕಣಮ್ಮ" ಎಂದಾಗ ಅವಳು ಮೂಗು ಒರೆಸಿಕೊಳ್ಳುತ್ತ ಒಳಗೆ ಹೋದಳು.

ನಾನೇನು ಮೊದಲ ದಿನದಿಂದ ಇಲ್ಲಿ ಕುಣಿಯುತ್ತಿರಲಿಲ್ಲ. ಬಂದ ಹೊಸದರಲ್ಲಿ ಬಾಗಿಲು ಹಾಕಿಕೊಂಡೇ ಇರುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಹಳೆಯ ಮನೆಯ ಮೆಟ್ಟಿಲು ಹತ್ತಲಾರದೆ ಬಂದವಳು. ಇದು ಬದುಕಿನ ಕೊನೆಯ ಬಸ್ ನಿಲ್ದಾಣ, ಇನ್ನು ಬಸ್ಸು ಬರುವುದೊಂದೇ ಬಾಕಿ ಎಂದು ಅನ್ನಿಸುತ್ತಿತ್ತು. ನನ್ನನ್ನು ಹೊರಗೆ ಎಳೆದವರು ಎದುರುಮನೆಯ ಟೆಲಿಫೋನಮ್ಮ.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ಜೋಡಿಸುವ ಕೆಲಸದಲ್ಲಿದ್ದವರು. ಮದುವೆ ಆಗಿರಲಿಲ್ಲ. ಬಾಗಿಲು ಬಡಿದರೆ ಒಳಗಿನಿಂದ, "ಹೇಳಿ, ಯಾರು ಬೇಕಾಗಿತ್ತು?" ಎಂದು ಆ ಜೇನಿನಂಥ ದನಿಯಲ್ಲಿ ಕೇಳುತ್ತಿದ್ದರು. ಒಂದು ಬೆಳಗ್ಗೆ ನನ್ನ ಬಾಗಿಲು ಬಡಿದು, "ಒಬ್ಬಳೇ ಕುಡಿದ್ರೆ ಕಾಫಿಗೆ ರುಚಿ ಇರಲ್ಲ. ನಿಮ್ಮನೇದು ಹೇಗಿದೆ ನೋಡೋಣ ಅಂತ ಬಂದೆ" ಎಂದರು. ನನ್ನದು ನೀರುಕಾಫಿ ಎಂದು ತೀರ್ಪು ಕೊಟ್ಟರು. ಮರುದಿನದಿಂದ ಕಾಫಿ ಅವರ ಮನೆಯಲ್ಲಿ, ಮಾತು ನನ್ನ ಮನೆಯಲ್ಲಿ.

ಈ ವರ್ಷ ಅವರ ಹೃದಯ ಸೋಲತೊಡಗಿತು. ನಾಲ್ಕು ಹೆಜ್ಜೆ ಇಟ್ಟರೆ ಮೇಲುಸಿರು. ಆಸ್ಪತ್ರೆಯಿಂದ ಬಂದ ಮೇಲೆ ಅವರ ತಮ್ಮನ ಮಗ ಬಂದು, ಎಲ್ಲಾದರೂ ನೋಡಿಕೊಳ್ಳುವ ಕಡೆ ಸೇರಿಸುತ್ತೇನೆ ಎಂದ. ಕೆಟ್ಟವನಲ್ಲ, ಹೆದರಿದ್ದ ಅಷ್ಟೇ. ಟೆಲಿಫೋನಮ್ಮ ಹೇಳಿದ್ದು ಒಂದೇ ಮಾತು: "ನನ್ನ ಮನೇಲಿ ನಾನಿರ್ತೀನಿ." ಸೊಸೆ ಡಾಕ್ಟರ ಹತ್ತಿರ ಮಾತಾಡಿದಳು. ನರ್ಸಮ್ಮ ದಿನಾ ಬರುವ ಹಾಗಾಯಿತು, ಬೆಳಗ್ಗೆ ಸಂಜೆ ಸಹಾಯಕಿ ಬಂದು ಮೈ ಒರೆಸಿ ಮಲಗಿಸುವ ಹಾಗಾಯಿತು. ಆದರೂ ಮಧ್ಯಾಹ್ನಗಳು ಖಾಲಿ ಉಳಿದವು. ಆ ಹೊತ್ತಿಗೆ ಯಾರೂ ಇಲ್ಲದಿದ್ದರೆ ಇಲ್ಲಿ ಇಟ್ಟುಕೊಳ್ಳುವುದು ಕಷ್ಟ ಎಂದು ಸೊಸೆ ಮುಖ ಸಣ್ಣದು ಮಾಡಿಕೊಂಡಳು. "ನಾನಿಲ್ವಾ?" ಎಂದೆ. ಹೇಳಿದ ಮೇಲೆಯೇ ಗಾಬರಿಯಾಯಿತು, ನನ್ನಿಂದ ಆಗುತ್ತದೆಯೇ ಎಂದು. ಆಯಿತು.

ಆ ಮಧ್ಯಾಹ್ನಗಳಲ್ಲಿ ಅವರು ನಿಮ್ಮ ಬಗ್ಗೆ ಕೇಳಿದರು. "ಅವರು ಬಿಟ್ಟು ಹೋದ್ರೋ, ನೀವು ಬಿಟ್ರೋ?"

"ಯಾರೂ ಬಿಡ್ಲಿಲ್ಲ. ಲೈನು ಕಟ್ಟಾಯ್ತು" ಎಂದೆ, ಅವರ ಭಾಷೆಯಲ್ಲೇ.

ಅವರಿಗೆ ನಗು ಬಂತು, ನಗು ಕೆಮ್ಮಾಯಿತು. ಬೆನ್ನು ಸವರಿದೆ. ಉಸಿರು ಹಿಡಿತಕ್ಕೆ ಬಂದ ಮೇಲೆ, "ಕಟ್ಟಾದ ಲೈನಲ್ಲಿ ಎರಡು ಥರ ಜನ ನೋಡಿದೀನಿ. ಕೆಲವರು ಇಬ್ರೂ ಒಟ್ಟಿಗೆ ನಂಬರ್ ತಿರುಗಿಸ್ತಾರೆ, ಇಬ್ರಿಗೂ ಎಂಗೇಜು. ಅವರಿಗೆ ನಾನು ಸಹಾಯ ಮಾಡ್ಬಹುದಿತ್ತು. ಇನ್ನು ಕೆಲವರು ಇಬ್ರೂ ಕಾಯ್ತಾ ಕೂರ್ತಾರೆ. ಅವರಿಗೆ ನಾನೇನು ಮಾಡ್ಲಿ ಹೇಳಿ?" ಎಂದರು. ನಾನು ಮಾತು ತಿರುಗಿಸಿದೆ. ಅವರು ಬಿಟ್ಟುಬಿಟ್ಟರು, ಇನ್ನೊಬ್ಬರ ಲೈನಿನಲ್ಲಿ ಕಿವಿಯಿಡಬಾರದೆಂಬ ಅಭ್ಯಾಸ ಅವರದು.

ಕೊನೆಯ ದಿನ ನಾನು ಅವರ ದಿಂಬಿನ ಚೀಲಕ್ಕೆ ಇಸ್ತ್ರಿ ಹಾಕುತ್ತಿದ್ದೆ. ಬಿಸಿ ಬಟ್ಟೆಯ ವಾಸನೆ ಅವರಿಗೆ ಇಷ್ಟ, ಅದಕ್ಕೆ ಅವರ ಕೋಣೆಯಲ್ಲೇ ಹಾಕುತ್ತಿದ್ದೆ. ನಿಮಗೆ ಗೊತ್ತಲ್ಲ, ಸಾವಿರಾರು ರೋಗಿಗಳ ಹಾಸಿಗೆಬಟ್ಟೆಗಳನ್ನು ನಾನು ಗೆರೆ ಬಾರದ ಹಾಗೆ ಮಾಡಿ ಮಡಚಿಟ್ಟವಳು. ಅದರ ಮೇಲೆ ಯಾರು ಮಲಗಿದರು, ಎದ್ದರೋ ಇಲ್ಲವೋ, ಒಮ್ಮೆಯೂ ನೋಡಿದವಳಲ್ಲ. ಬಟ್ಟೆ ಮೇಲಿನ ವಾರ್ಡಿಗೆ ಹೋಗುತ್ತಿತ್ತು, ನಾನು ಕೆಳಗೇ ಇರುತ್ತಿದ್ದೆ. ಆ ದಿನ ಮೊದಲ ಸಲ, ನಾನು ಇಸ್ತ್ರಿ ಹಾಕಿದ ದಿಂಬಿನ ಮೇಲೆ ಒಬ್ಬರ ತಲೆಯನ್ನು ನಾನೇ ಎತ್ತಿ ಇಟ್ಟೆ. "ಬೆಚ್ಚಗಿದೆ" ಎಂದರು. ಕಣ್ಣು ಮುಚ್ಚಿದರು. ಡಿಪೋದಲ್ಲಿ ಯಾವುದೋ ಬಸ್ಸು ಹೊರಟಿತು. ನಾನು ಇಸ್ತ್ರಿಪೆಟ್ಟಿಗೆಯನ್ನು ಆರಲು ಇಟ್ಟು ಬಂದು ನೋಡಿದೆ, ಅವರು ಹೋಗಿದ್ದರು. ತಮ್ಮದೇ ಮಂಚ, ತಮ್ಮದೇ ಕಿಟಕಿ. ನನಗೆ ಅಳು ಬಂದದ್ದು ಆಮೇಲೆ, ಹೆದರಿಕೆ ಮಾತ್ರ ಬರಲೇ ಇಲ್ಲ.

ಮನೆ ಖಾಲಿಯಾಯಿತು. ಸುಣ್ಣಬಣ್ಣ ಮುಗಿದ ಮೇಲೆ, ಹೋದ ಸೋಮವಾರ ಸೊಸೆ ನನ್ನ ಹತ್ತಿರ ಬಂದು ಕುರ್ಚಿಯ ತುದಿಯಲ್ಲಿ ಕೂತಳು. "ಅಜ್ಜಿ, ಎದುರಿಗೆ ಬರೋ ಸರದಿ ಯಾರದು ಅಂತ ನಿಮ್ಮ ಮಗಳು ಹೇಳಿರ್ಬೇಕು. ನಿಮಗೆ ಇರುಸುಮುರುಸು ಅನ್ಸಿದ್ರೆ ಈಗ್ಲೇ ಹೇಳಿ. ಅವರಿಗೆ ಬೇರೆ ಮಹಡೀಲಿ ಖಾಲಿಯಾದಾಗ ಕೊಡ್ತೀವಿ. ಆದ್ರೆ ಅದು ಯಾವಾಗ ಅಂತ ನನಗೂ ಗೊತ್ತಿಲ್ಲ" ಎಂದಳು.

ನಿಜ ಹೇಳಿಬಿಡುತ್ತೇನೆ, ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನನ್ನ ಈ ಕೋಣೆಯಲ್ಲಿ ಯಾವ ಮೊಳೆ ಎಲ್ಲಿದೆಯೋ ಅಲ್ಲೇ ಇದೆ. ಅದನ್ನು ಕೀಳುವವರು ಯಾರೂ ಇಲ್ಲ. ನೀವು ಎದುರಿಗೆ ಬಂದರೆ ಮತ್ತೆ ಎಲ್ಲ ಅಲ್ಲಾಡತೊಡಗುತ್ತದೆಯೇನೋ ಎನ್ನಿಸಿತು. ಒಂದು ದಿನ ಸಮಯ ಕೊಡು ಎಂದೆ. ಅವಳು ಹೋಗುವಾಗ ಎದುರುಮನೆಯ ಬೀಗದಕೈ ಕೇಳಿ ಇಸಿದುಕೊಂಡೆ.

ಒಳಗೆ ಏನೂ ಇರಲಿಲ್ಲ. ಮಂಚವಿದ್ದ ಕಡೆ ನೆಲ ಸ್ವಲ್ಪ ತೆಳು ಬಣ್ಣ. ಹೊಸ ಪೇಂಟಿನ ವಾಸನೆ ಮಾತ್ರ ಗಮ್ಮೆಂದು ತುಂಬಿತ್ತು. ನಿಮಗೆ ಅದು ಗೊತ್ತೇ ಇಲ್ಲ, ನಿಮ್ಮ ಮೂಗಿಗೆ ಅದು ಗಾಳಿಯ ಹಾಗೆ. ನಿಮ್ಮ ಅಂಗಿ, ನಿಮ್ಮ ಕೂದಲು, ಮಗಳನ್ನು ಎತ್ತಿಕೊಂಡರೆ ಅವಳ ಲಂಗ, ಎಲ್ಲ ಹೀಗೇ ಇರುತ್ತಿತ್ತು. ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ನಾನು ಆ ಖಾಲಿ ಕೋಣೆಯ ನಡುವೆ ಕಾಲು ಸೋಲುವವರೆಗೂ ನಿಂತೆ. ಆಮೇಲೆ ಹೊರಗೆ ಬಂದು, ಟೆಲಿಫೋನಮ್ಮನ ಬಾಗಿಲನ್ನೂ ನನ್ನ ಬಾಗಿಲನ್ನೂ ನೋಡಿದೆ. ನಡುವೆ ಒಂದು ಕಾರಿಡಾರು ಇದೆ. ಎರಡಕ್ಕೂ ಬೇರೆ ಬೇರೆ ಬೀಗ. ಆಗ ಮನಸ್ಸು ಹಗುರವಾಯಿತು. ನನ್ನ ಮನೆ ನನ್ನದೇ ಇರುತ್ತದೆ. ನೀವು ಯಾವತ್ತಾದರೂ ಮತ್ತೆ ಗಂಟುಮೂಟೆ ಕಟ್ಟಿದರೂ ನನ್ನ ಒಂದು ಲೋಟವೂ ಕದಲಬೇಕಾಗಿಲ್ಲ. ಮಂಗಳವಾರ ಹೋಗಿ ಸೊಸೆಗೆ, ಬರಲಿ ಎಂದೆ. ಗುರುವಾರ ನೀವು ಬೇಡ ಎಂದಿರಿ! ಅವಳ ಮುಂದೆ ನನ್ನ ಮುಖ ಹೇಗಾಗಿರಬೇಕು, ಯೋಚಿಸಿ.

ಹಾಗಾಗಿ ಕೇಳಿ. ನಾನು ಗಂಡನನ್ನು ಕರೆಯುತ್ತಿಲ್ಲ, ಎದುರುಮನೆಗೆ ನೆರೆಯವರೊಬ್ಬರನ್ನು ಕರೆಯುತ್ತಿದ್ದೇನೆ. ಬೆಳಗ್ಗೆ ನನ್ನ ಕಾಫಿ ಆಗುವ ಮುಂಚೆ ಬಾಗಿಲು ಬಡಿಯಬಾರದು. ನಿಮ್ಮ ಬಟ್ಟೆ ಒಗೆಯುವುದಿಲ್ಲ. ಇಸ್ತ್ರಿ ಬೇಕಾದರೆ ಹಾಕಿಕೊಡುತ್ತೇನೆ, ಅದು ನನಗೆ ಚಟ. ಮನೆಯ ದೋಷಗಳನ್ನು ನೀವು ಹುಡುಕುವ ಮೊದಲು ನಾನೇ ಹೇಳಿಬಿಡುತ್ತೇನೆ. ಲಿಫ್ಟು ಹೆರಿಗೆ ನೋವಿನವರ ಹಾಗೆ ನರಳುತ್ತದೆ. ಪಕ್ಕದ ಮನೆಯ ನಿವೃತ್ತ ಪೊಲೀಸಪ್ಪ ಬಚ್ಚಲಲ್ಲಿ ಹಾಡುತ್ತಾರೆ, ಶ್ರುತಿಗೂ ಅವರಿಗೂ ಯಾವತ್ತೂ ಪರಿಚಯವಾಗಿಲ್ಲ. ಮಳೆ ಬಂದರೆ ಕಿಟಕಿ ಉಬ್ಬಿಕೊಂಡು ಮುಚ್ಚುವುದಿಲ್ಲ. ಬೆಳಗಿನ ಬಿಸಿಲು, ಹೌದು, ಕಣ್ಣಿಗೇ ಬೀಳುತ್ತದೆ. ಪರದೆ ಹಾಕಿಕೊಳ್ಳಿ.

ಇನ್ನೊಂದು ವಿಷಯ. ಇಲ್ಲಿ ಎಲ್ಲ ಬಾಗಿಲೂ ಒಂದೇ ಥರ, ಒಂದೇ ಬಣ್ಣ, ಮೇಲೊಂದು ಸಣ್ಣ ನಂಬರು. ಮರೆವು ಇರುವವರು ಪಾಪ, ಯಾರದೋ ಬೀಗಕ್ಕೆ ಕೀಲಿ ತುರುಕಿ ಅಳುತ್ತ ನಿಂತಿರುತ್ತಾರೆ. ಪ್ರತಿ ಬಾಗಿಲ ಪಕ್ಕ ಅವರವರಿಗೆ ಗುರುತು ಸಿಗುವ ಚಿತ್ರ, ದಪ್ಪಕ್ಷರದಲ್ಲಿ ಹೆಸರು ಬರೆಸಬೇಕೆಂದು ಸೊಸೆಗೆ ಆಸೆ. ಅಂಟಿಸುವ ಕಾಗದ ತರಿಸಿದ್ದಳು, ಒಂದೇ ತಿಂಗಳಿಗೆ ಕಿತ್ತುಬಂತು. ಕುರ್ಚಿಯಲ್ಲಿ ಕೂತು ಬರೆಯುವ ಎತ್ತರ, ಏಣಿ ಬೇಕಿಲ್ಲ. ನೀವು ಕುಂಚ ಹಿಡಿದರೆ ಕೈ ನಡುಗುವುದು ನಿಲ್ಲುತ್ತದೆ ಎಂದು ಮಗಳು ಹೇಳಿದಳು. ನಾನು ಯಾರಿಗೂ ಮಾತು ಕೊಟ್ಟಿಲ್ಲ. ಸುಮ್ಮನೆ ತಿಳಿಸಿದೆ.

ನನಗೆ ನೀವು ಬಂದೇ ತೀರಬೇಕೆಂದೇನೂ ಇಲ್ಲ. ಬೀಳದ ಜಾಗದಲ್ಲಿ ಇರಬೇಕು ಎಂದಷ್ಟೇ. ಬುಧವಾರ ಮರೆಯಬೇಡಿ.

ಇಂತಿ,
ಎದುರುಮನೆಯವಳು

ತಾ.ಕ.: ನಿನ್ನೆ ನಿಮ್ಮ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ ಕೂರಿಸಲು ಕೆಲಸದವನು ಬಂದಿದ್ದ. ಸೊಂಟಕ್ಕೆ ಪೆಟ್ಟಾದವರಿಗೆ ಅವರ ಅಳತೆಗೇ ಹಾಕಬೇಕಂತೆ. ನೀವು ಬೇಡ ಎಂದದ್ದನ್ನು ನಾನು ಅವನಿಗೆ ಹೇಳಲಿಲ್ಲ. "ಯಜಮಾನ್ರು ಎಷ್ಟೆತ್ತರ ಅಮ್ಮಾ?" ಎಂದು ಕೇಳಿದ. ಅಡಿ, ಅಂಗುಲ ನನಗೆಲ್ಲಿ ಗೊತ್ತು? ನನ್ನ ಕೈ ತಾನಾಗಿ ನನ್ನ ತಲೆಯ ಮೇಲೆ ಎದ್ದು ಒಂದು ಕಡೆ ನಿಂತಿತು. "ಇಷ್ಟು" ಎಂದೆ. ಅವನು ಟೇಪು ಹಿಡಿದು ಅಳೆದುಕೊಂಡ. ವಯಸ್ಸಿಗೆ ಕುಗ್ಗಿರುತ್ತೀರಿ ಎಂಬುದು ಆಮೇಲೆ ಹೊಳೆಯಿತು. ಈಗಿನ ಅಳತೆ ತಿಳಿಸಿದರೆ ಇಳಿಸಿಕೊಡುತ್ತಾನೆ.

*

ಸೋಮವಾರ, ಅಂಗಡಿಯ ಅಟ್ಟದಿಂದ

ನಿನಗೆ,

ಮಗಳು ಎದುರಿಗೆ ಕೂತಿದ್ದಾಳೆ, ಉತ್ತರ ಬರೆಸಿಕೊಂಡೇ ಏಳುತ್ತಾಳಂತೆ. ನಾನು ದೊಡ್ಡಕ್ಷರ ಬರೆದು ರೂಢಿಯಾದವನು, ಸಣ್ಣಕ್ಷರದಲ್ಲಿ ಮನಸ್ಸಿನ ಮಾತು ಬರೆಯಲು ಬರುವುದಿಲ್ಲ. ಕಾಗದ ಓದಿದೆ. ಎರಡನೇ ಸಲ ಓದುವಾಗ ಮಗಳು ಟೀ ತರುತ್ತೇನೆಂದು ಕೆಳಗೆ ಹೋದಳು, ಒಳ್ಳೆಯದಾಯಿತು.

ಆಫೀಸಿಗೆ ಫೋನು ಮಾಡಿ ಬರುತ್ತೇನೆಂದು ಹೇಳಿದೆ. ಆ ಹುಡುಗಿ, ನಿಮ್ಮ ಸೊಸೆ, ಮೊದಲ ಮಾತಿನಲ್ಲೇ ಗದರಿಸಿದಳು. ಶನಿವಾರ ವ್ಯಾನು ಕಳಿಸುತ್ತಾಳಂತೆ. ಸಾಮಾನು ಹೆಚ್ಚಿಲ್ಲ. ಕುಂಚಗಳು, ಒಂದು ಟ್ರಂಕು. ಏಣಿಯನ್ನು ಅಂಗಡಿಯವರಿಗೆ ಕೊಟ್ಟೆ.

ಆ ದಿನ ಗಾಡಿ ತಿರುವಿಗೆ ಹೋದಾಗ ಹಿಂದಕ್ಕೆ ನೋಡಿದ್ದೆ. ನೀನು ಬಾಗಿಲಲ್ಲಿ ಇರಲಿಲ್ಲ. ಒಳಗೆ ಒಲೆಯ ಹತ್ತಿರ ಇದ್ದಿರಬೇಕು ಎಂದು ಈಗ ಅನ್ನಿಸುತ್ತದೆ. ಇಷ್ಟು ವರ್ಷ ಹಾಗೆ ಅನ್ನಿಸಲಿಲ್ಲ.

ಬಿಸಿಲಿಗೆ ಪರದೆ ಬೇಡ. ಹೊಂದಿಕೊಳ್ಳುತ್ತೇನೆ.

ನಿನ್ನ,
ಬೋರ್ಡಿನವನು

ತಾ.ಕ.: ಕುಗ್ಗಿರುವುದು ನಿಜ, ನಾಲ್ಕು ಬೆರಳಿನ ಹತ್ತಿರ ಹತ್ತಿರ. ಆದರೆ ಕಂಬಿಯನ್ನು ಇಳಿಸುವುದು ಬೇಡ. ನೀನು ತೋರಿಸಿದ ಎತ್ತರದಲ್ಲೇ ಇರಲಿ. ನಾನು ಕೈ ಎತ್ತಿ ಹಿಡಿದುಕೊಳ್ಳುತ್ತೇನೆ.